ಪಕ್ಕದಲ್ಲಿ ವೇಪ್ ಸೇದಿದರೆ ಮಗುವಿಗೆ ಏನಾಗುತ್ತದೆ?

ಮನೆಯಲ್ಲಿ ದೊಡ್ಡವರು ವೇಪ್ (ಬ್ಯಾಟರಿಯಿಂದ ನಡೆಯುವ ಇ-ಸಿಗರೇಟ್) ಸೇದಿದರೆ ಮಗುವಿನ ಮೈಗೆ ಸೇರುವ ನಿಕೋಟಿನ್ ಸಿಗರೇಟಿನ ಹೊಗೆಗಿಂತ ಶೇ 84ರಷ್ಟು ಕಮ್ಮಿ. ಇದು ಒಂದು ಸುದ್ದಿ. ವೇಪ್ ಸೇದುವವರ ಹತ್ತಿರ ಇರುವ ಮಕ್ಕಳ ರಕ್ತದಲ್ಲಿ ನಿಕೋಟಿನ್ ಗುರುತು ಹೊಗೆಗೂ ಆವಿಗೂ ಸಿಗದ ಮಕ್ಕಳಿಗಿಂತ ಐದು ಪಟ್ಟು ಜಾಸ್ತಿ. ಇದು ಇನ್ನೊಂದು ಸುದ್ದಿ. ಎರಡೂ 2024ರ ಜುಲೈನಲ್ಲಿ ಪ್ರಕಟವಾದ ಒಂದೇ ಅಧ್ಯಯನದಿಂದ ಹೊರಟಿವೆ. ಎರಡೂ ನಿಜವೇ. ಆದರೆ ಎರಡನ್ನೂ ಓದಿದ ಅಪ್ಪ ಅಮ್ಮಂದಿರಿಗೆ ಯಾವುದನ್ನು ನಂಬಬೇಕೋ ತಿಳಿಯುವುದಿಲ್ಲ.

ಮುಂಬಯಿ, ಪುಣೆ, ಗೋವಾದ ಕನ್ನಡಿಗರ ಮನೆಗಳಿಗೆ ಇದು ದೂರದ ದೇಶದ ವಿಷಯವಲ್ಲ. ಇ-ಸಿಗರೇಟ್ ಮಾರಾಟ ದೇಶದಲ್ಲಿ 2019ರಿಂದಲೇ ನಿಷಿದ್ಧ. ಆದರೂ ಮುಂಬಯಿಯಲ್ಲಿ ಕಸ್ಟಮ್ಸ್‌ನವರು, ಪೊಲೀಸರು ಮಾಲು ವಶಪಡಿಸಿಕೊಂಡ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಮಾಲು ಬರುತ್ತಿದೆ ಅಂದರೆ ಕೊಳ್ಳುವವರೂ ಇದ್ದಾರೆ ಅಂತಲೇ ಅರ್ಥ. ಹಿಂಜೆವಾಡಿಯ ಫ್ಲ್ಯಾಟುಗಳಲ್ಲಿ, ಡೊಂಬಿವಲಿ, ಥಾಣೆಯ ಒಂದು ಬೆಡ್‌ರೂಮಿನ ಮನೆಗಳಲ್ಲಿ, ಗೋವಾದ ಬಾಡಿಗೆ ಕೋಣೆಗಳಲ್ಲಿ ಕೊಳ್ಳುವವರ ಜೊತೆಗೆ ಮಕ್ಕಳೂ ಇರುತ್ತಾರೆ.

ಇದರಲ್ಲಿ ಒಂದು ವಿಶೇಷವಾದ ತೊಂದರೆ ಇದೆ. ಸಿಗರೇಟಿಗೆ ಬೆಂಕಿ ಬೇಕು, ಬೂದಿ ಬೀಳುತ್ತದೆ, ನಾತ ಹೊಡೆಯುತ್ತದೆ. ಹಾಗಾಗಿ ಸೇದುವವರು ತಾವಾಗಿಯೇ ಬಾಲ್ಕನಿಗೋ ಕೆಳಗಿನ ಗೇಟಿಗೋ ಹೋಗುತ್ತಾರೆ. ವೇಪ್‌ನಲ್ಲಿ ಇದ್ಯಾವುದೂ ಇಲ್ಲ. ಮಾವು, ಸ್ಟ್ರಾಬೆರಿ, ಪುದೀನದ ಪರಿಮಳ ಬೇರೆ. ಮಗುವಿನ ಮುಂದೆ ಸಿಗರೇಟು ಹಚ್ಚಲು ಹಿಂಜರಿಯುವ ಮನುಷ್ಯನೇ ಇದನ್ನು ಸೋಫಾ ಮೇಲೆ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಳೆಯುತ್ತಾನೆ. ಹಾನಿ ಕಮ್ಮಿ ಎಂಬ ನಂಬಿಕೆಯೇ ಮಗುವನ್ನು ಇನ್ನೂ ಹತ್ತಿರ ತರುತ್ತದೆ.

ಹೊರಗೆ ಬರುವುದು ಏನು

ವೇಪ್ ಒಳಗಿನ ಲಿಕ್ವಿಡ್‌ನಲ್ಲಿ ಮುಖ್ಯವಾಗಿ ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್ ಇರುತ್ತವೆ. ಜೊತೆಗೆ ನಿಕೋಟಿನ್ ಮತ್ತು ಪರಿಮಳದ ರಾಸಾಯನಿಕಗಳು. ಬ್ಯಾಟರಿ ಒಂದು ಸಣ್ಣ ಲೋಹದ ಕಾಯಿಲನ್ನು ಕಾಯಿಸುತ್ತದೆ. ಕಾಯಿಲ್ ತಾಗಿದ ಲಿಕ್ವಿಡ್ ಆವಿಯಾಗಿ, ಮರುಕ್ಷಣವೇ ತಣಿದು, ಕಣ್ಣಿಗೆ ಬಿಳಿ ಮೋಡದಂತೆ ಕಾಣುವ ಅತಿಸಣ್ಣ ಹನಿಗಳಾಗುತ್ತದೆ. ಇದು ನೀರಿನ ಹಬೆ ಅಲ್ಲ. ಅಮೆರಿಕದ ಸರ್ಜನ್ ಜನರಲ್ (ಅಲ್ಲಿನ ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) 2016ರ ವರದಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದಾರೆ. ಆ ಹನಿಗಳಲ್ಲಿ ನಿಕೋಟಿನ್ ಇರುತ್ತದೆ. ಕಾಯಿಲ್ ಹೆಚ್ಚು ಕಾದಾಗ ಹುಟ್ಟುವ ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಇರಬಹುದು. ಕಾಯಿಲ್‌ನಿಂದ ಬಿಟ್ಟುಕೊಂಡ ನಿಕಲ್, ಸೀಸದಂಥ ಲೋಹಗಳ ಸೂಕ್ಷ್ಮ ಅಂಶವೂ ಇರಬಹುದು.

ಹಾಗಂತ ಇದು ಸಿಗರೇಟಿನ ಹೊಗೆಯಷ್ಟೇ ಕೆಟ್ಟದ್ದಾ? ಅಲ್ಲ. ಅದಕ್ಕೆ ಎರಡು ಕಾರಣ ಇದೆ.

ಒಂದು, ಇಲ್ಲಿ ಏನೂ ಉರಿಯುವುದಿಲ್ಲ. ಪಫ್ ಎಳೆಯುವಾಗ ಸಿಗರೇಟಿನ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಎಲೆ ಉರಿದಾಗ ಟಾರ್, ಕಾರ್ಬನ್ ಮೊನಾಕ್ಸೈಡ್ ಮತ್ತು ಸಾವಿರಾರು ರಾಸಾಯನಿಕಗಳು ಹುಟ್ಟುತ್ತವೆ. ಕ್ಯಾನ್ಸರ್ ತರುವ ಕೆಲಸ ಬಹುಪಾಲು ಇವುಗಳದ್ದು. ವೇಪ್‌ನಲ್ಲಿ ಇವು ಇಲ್ಲ ಅಥವಾ ತುಂಬಾ ಕಮ್ಮಿ.

ಎರಡನೆಯದು ಪಕ್ಕದಲ್ಲಿರುವವರಿಗೆ ಹೆಚ್ಚು ಮುಖ್ಯ. ಹಚ್ಚಿದ ಸಿಗರೇಟು ಬೆರಳ ನಡುವೆ ಸುಮ್ನೆ ಇದ್ದರೂ ಉರಿಯುತ್ತಲೇ ಇರುತ್ತದೆ, ಹೊಗೆ ಬಿಡುತ್ತಲೇ ಇರುತ್ತದೆ. ಕೋಣೆ ತುಂಬುವ ಹೊಗೆಯಲ್ಲಿ ದೊಡ್ಡ ಪಾಲು ಈ ತುದಿಯಿಂದ ನೇರವಾಗಿ ಬಂದದ್ದು, ಯಾರ ಶ್ವಾಸಕೋಶದ ಮೂಲಕವೂ ಹಾದುಬಂದದ್ದಲ್ಲ. ವೇಪ್‌ನಲ್ಲಿ ತುದಿ ಉರಿಯುವುದಿಲ್ಲ. ಎಳೆದಾಗ ಮಾತ್ರ ಮೋಡ ಹುಟ್ಟುತ್ತದೆ. ಎಳೆದವರ ಮೈ ನಿಕೋಟಿನ್‌ನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಉಳಿದದ್ದು ಮಾತ್ರ ಕೋಣೆಗೆ ಬರುತ್ತದೆ. ಆ ಹನಿಗಳು ಬೇಗ ಆರಿಯೂ ಹೋಗುತ್ತವೆ. ಸಿಗರೇಟಿನ ಕಣಗಳು ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ತೇಲುತ್ತಿದ್ದರೆ, ವೇಪ್ ಹನಿಗಳು ಸೆಕೆಂಡುಗಳಲ್ಲೇ ಕಾಣೆಯಾಗುತ್ತವೆ.

ಹನಿ ಆರಿತು ಅಂದರೆ ಅದರಲ್ಲಿದ್ದದ್ದು ಮಾಯವಾಯಿತು ಅಂತ ಅಲ್ಲ. ನಿಕೋಟಿನ್ ಅನಿಲವಾಗಿ ಗಾಳಿಯಲ್ಲಿ ಸೇರುತ್ತದೆ. ನಂತರ ಗೋಡೆ, ಪರದೆ, ಹಾಸಿಗೆ, ಆಟಿಕೆಗಳ ಮೇಲೆ ಕೂರುತ್ತದೆ. ದಿನಾ ಒಗ್ಗರಣೆ ಹಾಕುವ ಅಡುಗೆಮನೆಯ ಟೈಲ್ಸ್ ಮೇಲೆ ಎಣ್ಣೆಯ ಜಿಡ್ಡು ಕೂರುತ್ತದಲ್ಲ, ಹಾಗೇ. ಜಿಡ್ಡು ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ. ಅಂಬೆಗಾಲಿಡುವ ಮಗು ಅದೇ ನೆಲ ಮುಟ್ಟಿ, ಅದೇ ಕೈ ಬಾಯಿಗೆ ಇಟ್ಟುಕೊಳ್ಳುತ್ತದೆ. ಮೇಲ್ಮೈಗಳ ಮೇಲೆ ಕೂತ ನಿಕೋಟಿನ್ ಗಾಳಿಯಲ್ಲಿರುವ ನೈಟ್ರಸ್ ಆಮ್ಲದ ಜೊತೆ ಸೇರಿ ಕ್ಯಾನ್ಸರ್‌ಕಾರಕ ನೈಟ್ರೋಸಮೈನ್‌ಗಳಾಗಬಲ್ಲದು ಎಂದು ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿ ತೋರಿಸಿದರು. ನೈಟ್ರಸ್ ಆಮ್ಲ ಮನೆಯೊಳಗೆ ಹುಟ್ಟುವ ಮೂಲಗಳಲ್ಲಿ ಗ್ಯಾಸ್ ಒಲೆಯೂ ಒಂದು. ಅವರ ಪ್ರಯೋಗ ಸಿಗರೇಟಿನ ಹೊಗೆಯ ಬಗ್ಗೆ. ಆದರೆ ನಿಕೋಟಿನ್ ಎಲ್ಲಿಂದ ಬಂದರೂ ನಿಕೋಟಿನ್ನೇ. ಅಡುಗೆಮನೆಯೂ ಹಾಲೂ ಒಂದೇ ಆಗಿರುವ ಮನೆಗಳಲ್ಲಿ ಇದನ್ನು ಗಮನದಲ್ಲಿ ಇಟ್ಟುಕೊಳ್ಳಲೇಬೇಕು.

84 ಮತ್ತು ಐದು ಪಟ್ಟು: ಎರಡೂ ಹೇಗೆ ನಿಜ

ಈಗ ಆ ಅಧ್ಯಯನಕ್ಕೆ ಬರೋಣ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ 2017ರಿಂದ 2020ರವರೆಗಿನ ಮಾಹಿತಿ ತೆಗೆದುಕೊಂಡರು. 3ರಿಂದ 11 ವರ್ಷದ 1777 ಮಕ್ಕಳ ರಕ್ತದಲ್ಲಿ ಕೊಟಿನಿನ್ ಎಷ್ಟಿದೆ ಎಂದು ನೋಡಿದರು. ನಿಕೋಟಿನ್ ಮೈಯೊಳಗೆ ಹೋದ ಮೇಲೆ ಕೊಟಿನಿನ್ ಆಗಿ ಬದಲಾಗುತ್ತದೆ. ಅದು ನಿಕೋಟಿನ್‌ಗಿಂತ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುವುದರಿಂದ, ಮಗು ಎಷ್ಟು ನಿಕೋಟಿನ್ ಒಳಗೆ ತೆಗೆದುಕೊಂಡಿದೆ ಎಂಬುದಕ್ಕೆ ಒಳ್ಳೆಯ ಅಳತೆ.

ಸಿಗರೇಟಿನ ಹೊಗೆಗೆ ಸಿಕ್ಕ ಮಕ್ಕಳಲ್ಲಿ ಕೊಟಿನಿನ್ ಲೀಟರಿಗೆ ಸರಾಸರಿ 0.494 ಮೈಕ್ರೋಗ್ರಾಂ ಇತ್ತು. ವೇಪ್ ಆವಿಗೆ ಮಾತ್ರ ಸಿಕ್ಕವರಲ್ಲಿ 0.081. ಎರಡಕ್ಕೂ ಸಿಗದವರಲ್ಲಿ 0.016.

ಮೊದಲ ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟರೆ ಸುಮಾರು ಶೇ 84ರಷ್ಟು ಕಮ್ಮಿ ಎಂಬ ಸುದ್ದಿ ಸಿಗುತ್ತದೆ. ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟರೆ ಐದು ಪಟ್ಟು ಜಾಸ್ತಿ ಎಂಬ ಸುದ್ದಿ ಸಿಗುತ್ತದೆ. ಯಾರೂ ಸುಳ್ಳು ಹೇಳಿಲ್ಲ. ಯಾವುದಕ್ಕೆ ಹೋಲಿಸುತ್ತೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ, ಅಷ್ಟೇ. ಇಡೀ ಗೊಂದಲದ ಬೇರು ಇಲ್ಲೇ ಇದೆ.

ಆ ಸಂಶೋಧಕರು ತಮ್ಮ ಫಲಿತಾಂಶ ನೋಡಿ ಏನು ಹೇಳಿದರು ಎಂಬುದು ಸುದ್ದಿಗಳಲ್ಲಿ ಹಿಂದೆ ಬಿತ್ತು. ಪಕ್ಕದವರಿಗೆ ಸಿಗರೇಟಿಗಿಂತ ಅಪಾಯ ತುಂಬಾ ಕಮ್ಮಿ ಎಂದರು. ಆದರೂ ಏನೂ ಇಲ್ಲದ ಮಕ್ಕಳಿಗಿಂತ ಜಾಸ್ತಿ ಇರುವುದರಿಂದ ಮಕ್ಕಳ ಹತ್ತಿರ ಮನೆಯೊಳಗೆ ವೇಪ್ ಸೇದದಿರುವುದೇ ಒಳ್ಳೆಯದು ಎಂದೂ ಹೇಳಿದರು. ವೇಪ್ ಪರವಾಗಿ ಹೆಚ್ಚು ಬಳಕೆಯಾಗುವ ಅಧ್ಯಯನದ ಮಾತೇ ಇದು.

ಈ ಸಂಖ್ಯೆಗಳು ಎಷ್ಟು ಹೇಳುತ್ತವೆ, ಎಷ್ಟು ಹೇಳುವುದಿಲ್ಲ ಎಂಬುದನ್ನೂ ನೋಡಬೇಕು. ಅಳೆದದ್ದು ನಿಕೋಟಿನ್ ಗುರುತನ್ನು ಮಾತ್ರ. ಉರಿಯುವಾಗ ಹುಟ್ಟುವ ವಿಷಗಳನ್ನು ಲೆಕ್ಕಕ್ಕೆ ತಗೊಂಡರೆ ಸಿಗರೇಟಿಗೂ ವೇಪಿಗೂ ಅಂತರ ಇನ್ನೂ ದೊಡ್ಡದೇ ಆದೀತು. ಇನ್ನೊಂದು ಕಡೆ, ಪ್ರೊಪಿಲೀನ್ ಗ್ಲೈಕಾಲ್, ಪರಿಮಳದ ರಾಸಾಯನಿಕ, ಲೋಹ ಇವೆಲ್ಲ ಕೊಟಿನಿನ್ ಅಳತೆಗೆ ಸಿಗುವುದೇ ಇಲ್ಲ. ನಿಕೋಟಿನ್ ಬಿಟ್ಟು ವೇಪ್‌ನಲ್ಲಿರುವ ಉಳಿದ ವಸ್ತುಗಳ ಬಗ್ಗೆ ಈ ಪರೀಕ್ಷೆ ಮೌನವಾಗಿದೆ.

ಉಬ್ಬಸ ಇರುವ ಮಕ್ಕಳ ಮಾತು ಬೇರೆ

ನಿಕೋಟಿನ್ ಒಳಗೆ ಹೋಯಿತು ಎನ್ನುವುದು ಒಂದು. ಅದರಿಂದ ಮಗುವಿಗೆ ತೊಂದರೆ ಆಯಿತಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಕೊಡಲು ಪ್ರಯತ್ನಿಸಿದ ಅಧ್ಯಯನಗಳು ಕಮ್ಮಿ. ಅವುಗಳಲ್ಲಿ ಎರಡನ್ನು ಇಲ್ಲಿ ಹೇಳಲೇಬೇಕು.

ಫ್ಲೋರಿಡಾದಲ್ಲಿ ಅಸ್ತಮಾ ಇರುವ 11ರಿಂದ 17 ವರ್ಷದ 11,830 ಮಕ್ಕಳ ಸಮೀಕ್ಷೆ ನಡೆಯಿತು. ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮೂವರಲ್ಲಿ ಒಬ್ಬರು ತಾವು ಬೇರೆಯವರ ವೇಪ್ ಆವಿಗೆ ಸಿಕ್ಕಿದ್ದಾಗಿ ಹೇಳಿದ್ದರು. ಅಂಥವರಲ್ಲಿ ಹಿಂದಿನ ಒಂದು ವರ್ಷದಲ್ಲಿ ಅಸ್ತಮಾ ಉಲ್ಬಣವಾದ ಸಾಧ್ಯತೆ ಶೇ 27ರಷ್ಟು ಹೆಚ್ಚಿತ್ತು. ಮಕ್ಕಳು ತಾವೇ ಸೇದುತ್ತಿದ್ದರಾ, ಮನೆಯಲ್ಲಿ ಸಿಗರೇಟು ಇತ್ತಾ ಎಂಬುದನ್ನೂ ಲೆಕ್ಕ ಹಾಕಿದ ಮೇಲೆ ಉಳಿದ ಅಂತರ ಇದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹದಿಹರೆಯದವರನ್ನು 2014ರಿಂದ 2019ರವರೆಗೆ ಹಿಂಬಾಲಿಸಿ ನೋಡಿದ ಇನ್ನೊಂದು ಅಧ್ಯಯನ 2022ರಲ್ಲಿ ಬಂತು. ಮನೆಯಲ್ಲಿ ಬೇರೆಯವರು ವೇಪ್ ಸೇದುತ್ತಿದ್ದ ಕಡೆ ಕೆಮ್ಮು, ಕಫದಂಥ ಬ್ರಾಂಕೈಟಿಸ್ ಲಕ್ಷಣಗಳ ಸಾಧ್ಯತೆ ಶೇ 40ರಷ್ಟು, ಏದುಸಿರಿನ ಸಾಧ್ಯತೆ ಶೇ 53ರಷ್ಟು ಹೆಚ್ಚಿತ್ತು.

ಇವು ನಂಟನ್ನು ತೋರಿಸುತ್ತವೆ, ವೇಪೇ ಕಾರಣ ಎಂದು ಸಾಬೀತು ಮಾಡುವುದಿಲ್ಲ. ಮಾಹಿತಿಯೂ ಜನರೇ ಹೇಳಿಕೊಂಡದ್ದು. ಇದನ್ನು ಮುಚ್ಚಿಟ್ಟು ಹೆದರಿಸುವುದು ಸರಿಯಲ್ಲ. ಆದರೆ ಉಬ್ಬಸ ಇರುವ ಮಗುವಿನ ಶ್ವಾಸನಾಳ ಮೊದಲೇ ಕೆರಳಿ ಕೂತಿರುತ್ತದೆ. ಪರಿಮಳ, ಧೂಳು, ತಂಪು ಗಾಳಿ ಯಾವುದಾದರೂ ಅದನ್ನು ಇನ್ನಷ್ಟು ಬಿಗಿಯಾಗಿಸಬಹುದು. ಪ್ರೊಪಿಲೀನ್ ಗ್ಲೈಕಾಲ್ ಹನಿಗಳು ಗಂಟಲನ್ನು, ಶ್ವಾಸನಾಳವನ್ನು ಕೆರಳಿಸುತ್ತವೆ ಎಂಬುದು ಗೊತ್ತಿರುವ ಸಂಗತಿ. ಹಾಗಾಗಿ ಮನೆಯಲ್ಲಿ ಅಸ್ತಮಾ ಇರುವ ಮಗು ಇದ್ದರೆ ಇನ್ನೂ ದೊಡ್ಡ ಅಧ್ಯಯನ ಬರಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಆರೋಗ್ಯವಂತ ಮಗುವಿಗೂ ದೊಡ್ಡವರ ಅಳತೆ ಹೊಂದುವುದಿಲ್ಲ. ಮಗು ಒಂದು ನಿಮಿಷಕ್ಕೆ ದೊಡ್ಡವರಿಗಿಂತ ಹೆಚ್ಚು ಸಲ ಉಸಿರಾಡುತ್ತದೆ. ಮೈತೂಕಕ್ಕೆ ಹೋಲಿಸಿದರೆ ಹೆಚ್ಚು ಗಾಳಿ ಒಳಗೆ ತಗೊಳ್ಳುತ್ತದೆ. ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವೂ ಅದಕ್ಕಿಲ್ಲ.

ಒಂದು ತಪ್ಪು ಭಯವನ್ನು ಇಲ್ಲೇ ಬದಿಗಿಡಬೇಕು. 2019ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಅದು ಮುಖ್ಯವಾಗಿ ಗಾಂಜಾ ಅಂಶದ ಕಳ್ಳ ಮಾಲಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್‌ನಿಂದ ಆದದ್ದು. ಕಾಯಿಲೆ ಬಿದ್ದವರು ಸೇದಿದವರು, ಪಕ್ಕದಲ್ಲಿ ಕೂತವರಲ್ಲ. ಆ ಚಿತ್ರಗಳನ್ನು ತೋರಿಸಿ ಮಗುವಿಗೂ ಹೀಗೇ ಆಗುತ್ತದೆ ಎನ್ನುವ ಸಂದೇಶಗಳನ್ನು ನಂಬಬೇಕಿಲ್ಲ. ಆದರೆ ಕಳ್ಳ ಮಾಲು ಎಂಬ ಮಾತನ್ನು ನೆನಪಿಟ್ಟುಕೊಳ್ಳಿ, ಅದು ನಮಗೆ ಸಂಬಂಧಿಸಿದ್ದು.

ಬ್ರಿಟನ್ ಒಂದು ಹೇಳುತ್ತದೆ, ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು

ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಇಲಾಖೆ 2015ರಲ್ಲಿ ವೇಪ್ ಸಿಗರೇಟಿಗಿಂತ ಸುಮಾರು ಶೇ 95ರಷ್ಟು ಕಮ್ಮಿ ಹಾನಿಕರ ಎಂದಿತು. ಮಾರುವವರು ಇವತ್ತಿಗೂ ಈ ಸಂಖ್ಯೆಯನ್ನೇ ಹೇಳುತ್ತಾರೆ. ಅದು ಸಿಗರೇಟು ಸೇದುತ್ತಿದ್ದವರು ವೇಪಿಗೆ ಬದಲಾದರೆ ಅವರಿಗೆ ಏನಾಗುತ್ತದೆ ಎಂಬುದರ ಅಂದಾಜು. ಸಿಗರೇಟನ್ನೇ ಮುಟ್ಟದ, ಪಕ್ಕದಲ್ಲಿ ಆಡುತ್ತಿರುವ ನಾಲ್ಕು ವರ್ಷದ ಮಗುವಿನ ಬಗ್ಗೆ ಅಲ್ಲ. ಅದೇ ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಶಿಶುಗಳು ಮತ್ತು ಮಕ್ಕಳ ಹತ್ತಿರ ವೇಪ್ ಸೇದಬೇಡಿ ಎಂದು ಸಲಹೆ ಕೊಡುತ್ತದೆ. 2025ರ ಜೂನ್ 1ರಿಂದ ಅಲ್ಲಿ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನೂ ನಿಲ್ಲಿಸಿದ್ದಾರೆ.

ವಿಶ್ವ ಆರೋಗ್ಯ ಸಂಸ್ಥೆಯ ನಿಲುವು ಹೆಚ್ಚು ಕಠಿಣ. ಮಕ್ಕಳನ್ನು ಇ-ಸಿಗರೇಟಿನಿಂದ ಕಾಪಾಡಲು ತುರ್ತು ಕ್ರಮ ಬೇಕು ಎಂದು ಅದು 2023ರ ಡಿಸೆಂಬರ್‌ನಲ್ಲಿ ಕರೆ ಕೊಟ್ಟಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2018ರ ವರದಿ ಎರಡರ ಮಧ್ಯೆ ನಿಲ್ಲುತ್ತದೆ. ವೇಪ್ ಸೇದಿದರೆ ಕೋಣೆಯ ಗಾಳಿಯಲ್ಲಿ ಸೂಕ್ಷ್ಮ ಕಣಗಳೂ ನಿಕೋಟಿನ್ನೂ ಹೆಚ್ಚುತ್ತವೆ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯ ಇದೆ ಎಂದಿತು. ಆ ಮಟ್ಟ ಸಿಗರೇಟಿನದ್ದಕ್ಕಿಂತ ಕಮ್ಮಿ ಎಂಬುದಕ್ಕೆ ಮಧ್ಯಮ ಮಟ್ಟದ ಸಾಕ್ಷ್ಯ ಇದೆ ಎಂದಿತು.

ಗಮನಿಸಿ ನೋಡಿದರೆ ಇವರ ಜಗಳ ಮಗುವಿನ ಬಗ್ಗೆ ಅಲ್ವೇ ಅಲ್ಲ. ಸಿಗರೇಟು ಬಿಡಲಾಗದ ದೊಡ್ಡವರಿಗೆ ವೇಪ್ ಕೊಡಬೇಕಾ, ಬೇಡವಾ ಎಂಬ ಜಗಳ ಅದು. ಮಗುವಿನ ಹತ್ತಿರ ಸೇದಬಾರದು ಎನ್ನುವುದರಲ್ಲಿ ಎರಡೂ ಕಡೆಯವರಿಗೆ ಒಮ್ಮತ ಇದೆ.

ಬ್ರಿಟನ್ನಿನ ಹೋಲಿಕೆ ಮಹಾರಾಷ್ಟ್ರಕ್ಕೆ ಯಾಕೆ ಹೊಂದುವುದಿಲ್ಲ

ಬ್ರಿಟನ್ನಿನಲ್ಲಿ ವೇಪ್ ಸೇದುವ ದೊಡ್ಡವರಲ್ಲಿ ಹೆಚ್ಚಿನವರು ಸಿಗರೇಟು ಸೇದುತ್ತಿದ್ದವರು ಅಥವಾ ಈಗಲೂ ಸೇದುವವರು. ಅಂಥ ಮನೆಯಲ್ಲಿ ಅಪ್ಪ ಸಿಗರೇಟು ಬಿಟ್ಟು ವೇಪ್ ಹಿಡಿದರೆ ಕೋಣೆಯ ಗಾಳಿ ಮೊದಲಿಗಿಂತ ಚೆನ್ನಾಗುತ್ತದೆ. ಶೇ 84 ಕಮ್ಮಿ ಎಂಬ ಮಾತು ಆ ಮನೆಗೆ ನಿಜವಾಗಿಯೂ ಒಳ್ಳೆಯ ಸುದ್ದಿ.

ಇಲ್ಲಿ ಚಿತ್ರ ಬೇರೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಮಹಾರಾಷ್ಟ್ರದ ವಯಸ್ಕರಲ್ಲಿ ತಂಬಾಕು ಬಳಸುವವರು ಶೇ 26.6. ಆದರೆ ಸೇದುವವರು ಶೇ 4ರ ಒಳಗೆ. ಉಳಿದವರದ್ದು ಬಹುತೇಕ ಅಗಿಯುವ ತಂಬಾಕು, ಖೈನಿ, ಗುಟ್ಕಾ, ಮಶೇರಿ. ಗೋವಾದಲ್ಲಂತೂ ಎಲ್ಲ ಬಗೆಯ ತಂಬಾಕು ಸೇರಿಸಿದರೂ ಶೇ 9.7. ಅಂದರೆ ಇಲ್ಲಿನ ಬಹುಪಾಲು ಮನೆಗಳಲ್ಲಿ ಸಿಗರೇಟಿನ ಹೊಗೆ ಮೊದಲಿನಿಂದಲೂ ಇರಲೇ ಇಲ್ಲ. ಅಂಥ ಮನೆಗೆ ಒಬ್ಬ ಹುಡುಗ ಗೆಳೆಯರ ಜೊತೆ ಸೇರಿ ವೇಪ್ ಶುರುಮಾಡಿ ತಂದರೆ, ಅದು ಹೊಗೆಯ ಜಾಗಕ್ಕೆ ಬಂದದ್ದಲ್ಲ. ಹೊಗೆಯೇ ಇಲ್ಲದ ಜಾಗಕ್ಕೆ ಬಂದದ್ದು. ಆ ಮನೆಯ ಮಗುವಿಗೆ ಅನ್ವಯಿಸುವುದು ಐದು ಪಟ್ಟು ಎಂಬ ಸಂಖ್ಯೆ, 84 ಅಲ್ಲ.

ಈ ಲೇಖನದಲ್ಲಿ ಒಂದೇ ವಿಷಯ ಓದುಗರ ಮನಸ್ಸಲ್ಲಿ ಉಳಿಯಬೇಕು ಎಂದರೆ ಇದೇ ಉಳಿಯಲಿ. ನಿಮ್ಮ ಮನೆಯ ಗಾಳಿ ಮೊದಲು ಹೇಗಿತ್ತು ಎಂದು ಕೇಳಿಕೊಳ್ಳಿ, ಆಮೇಲೆ ಯಾವ ಸುದ್ದಿ ನಿಮಗೆ ಎಂದು ನೋಡಿ.

ಮನೆಯ ಅಳತೆಯೂ ಲೆಕ್ಕಕ್ಕೆ ಬರುತ್ತದೆ. ಗಾಳಿಯಲ್ಲಿ ಯಾವುದೇ ವಸ್ತುವಿನ ಸಾಂದ್ರತೆ ಕೋಣೆ ಎಷ್ಟು ದೊಡ್ಡದು, ಗಾಳಿ ಎಷ್ಟು ಬೇಗ ಬದಲಾಗುತ್ತದೆ ಎಂಬುದರ ಮೇಲೆ ನಿಂತಿದೆ. ಅದೇ ಹತ್ತು ಪಫ್ ದೊಡ್ಡ ಹಾಲ್‌ನಲ್ಲಿ ಒಂದು ಥರ, ಹತ್ತು ಬೈ ಹತ್ತರ ಕೋಣೆಯಲ್ಲಿ ಇನ್ನೊಂದು ಥರ, ಕಿಟಕಿ ಏರಿಸಿದ ಕಾರಿನಲ್ಲಿ ಮತ್ತೊಂದು ಥರ. ಮುಂಬಯಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಇರಚಲಿಗೆ ಹೆದರಿ ಕಿಟಕಿ ಮುಚ್ಚಿಯೇ ಇರುತ್ತೇವೆ. ಎಸಿ ಹಾಕಿದರೆ ಗಾಳಿ ಶುದ್ಧವಾಗುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಮನೆಗಳಲ್ಲಿ ಹಾಕಿಸುವ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ತಂಪು ಮಾಡಿ ಮತ್ತೆ ಬಿಡುತ್ತದೆ. ಎಸಿ ಕೋಣೆಯಲ್ಲಿ ಸೇದಿದ್ದು ಎಸಿ ಕೋಣೆಯಲ್ಲೇ ಸುತ್ತುತ್ತದೆ.

ಸೊಳ್ಳೆ ಬತ್ತಿಯ ವಾದ

ಮನೆಯಲ್ಲಿ ಮಾತು ಬಂದಾಗ ಕೇಳಿಬರುವ ಒಂದು ವಾದ ಇದೆ. ದಿನಾ ಊದುಬತ್ತಿ ಹಚ್ಚುತ್ತೀರಿ, ಸೊಳ್ಳೆ ಬತ್ತಿ ಇಡುತ್ತೀರಿ, ಮುಂಬಯಿಯ ಗಾಳಿಯೇ ಹೀಗಿದೆ. ಇದರ ಮುಂದೆ ನನ್ನ ವೇಪ್ ಏನು ಮಹಾ?

ವಾದದಲ್ಲಿ ಸತ್ಯ ಇದೆ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಕಣಗಳ ಲೆಕ್ಕದಲ್ಲಿ ವೇಪ್ ಅದರ ಹತ್ತಿರಕ್ಕೂ ಬರುವುದಿಲ್ಲ. ಹಾಗಾಗಿ ಮಗು ಮಲಗುವ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚುವವರು ಅದನ್ನು ನಿಲ್ಲಿಸಿ ಸೊಳ್ಳೆ ಪರದೆ ಕಟ್ಟುವುದು ಖಂಡಿತ ಒಳ್ಳೆಯದು.

ಆದರೆ ಒಂದು ಕೆಟ್ಟದ್ದು ಇದೆ ಎಂಬುದು ಇನ್ನೊಂದನ್ನು ಸೇರಿಸಲು ಕಾರಣ ಆಗುವುದಿಲ್ಲ ಅಲ್ವಾ? ಮಗುವಿನ ಶ್ವಾಸಕೋಶ ಎಲ್ಲವನ್ನೂ ಒಟ್ಟಿಗೇ ತಗೊಳ್ಳುತ್ತದೆ. ಮತ್ತೆ ಊದುಬತ್ತಿಯಲ್ಲಿ ನಿಕೋಟಿನ್ ಇಲ್ಲ. ಊದುಬತ್ತಿಯನ್ನು ನೋಡಿ ಯಾವ ಮಗುವೂ ದೊಡ್ಡವನಾದ ಮೇಲೆ ಅದನ್ನು ಬಾಯಿಗೆ ಇಟ್ಟುಕೊಳ್ಳಬೇಕು ಎಂದು ಆಸೆಪಡುವುದಿಲ್ಲ. ವೇಪ್ ಹಾಗಲ್ಲ. ಪೆನ್ನಿನಂಥ, ಹೈಲೈಟರಿನಂಥ ಬಣ್ಣದ ವಸ್ತು, ಹಣ್ಣಿನ ಪರಿಮಳ, ಬಾಯಿಂದ ಮೋಡ. 2019ರ ಯುವ ತಂಬಾಕು ಸಮೀಕ್ಷೆಯಲ್ಲಿ 13ರಿಂದ 15 ವರ್ಷದ ಭಾರತೀಯ ವಿದ್ಯಾರ್ಥಿಗಳಲ್ಲಿ ಶೇ 2.8ರಷ್ಟು ಮಕ್ಕಳು ಒಮ್ಮೆಯಾದರೂ ಇ-ಸಿಗರೇಟು ಸೇದಿದ್ದೇವೆ ಎಂದಿದ್ದರು. ಮನೆಯಲ್ಲಿ ಕಂಡದ್ದನ್ನು ಮಕ್ಕಳು ಮಾಡುತ್ತಾರೆ. ಆವಿಯ ಪ್ರಮಾಣ ಎಷ್ಟೇ ಕಮ್ಮಿ ಇದ್ದರೂ ಈ ಪರಿಣಾಮ ಕಮ್ಮಿ ಆಗುವುದಿಲ್ಲ.

ನಿಷೇಧದಿಂದ ಏನಾಯಿತು

ಕರ್ನಾಟಕ 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತ್ತು. 2019ರ ಮೇ ತಿಂಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಪೂರ್ತಿ ನಿಷೇಧಕ್ಕೆ ಶಿಫಾರಸು ಮಾಡಿತು. ಅದೇ ಸೆಪ್ಟೆಂಬರ್ 18ರಂದು ಕೇಂದ್ರದ ಸುಗ್ರೀವಾಜ್ಞೆ, ಡಿಸೆಂಬರ್‌ನಲ್ಲಿ ಕಾಯ್ದೆ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು ಅಥವಾ 50 ಸಾವಿರದವರೆಗೆ ದಂಡ ಅಥವಾ ಎರಡೂ. ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಕಾಯ್ದೆಗೆ ಒಂದೇ. ನಮ್ಮದು ನಿಕೋಟಿನ್ ಇಲ್ಲದ್ದು ಎಂದು ಮಾರುವವರ ಮಾತಿಗೆ ಕಾನೂನಿನಲ್ಲಿ ಬೆಲೆ ಇಲ್ಲ.

ಕಾಯ್ದೆಯ ಈ ಪಟ್ಟಿಯಲ್ಲಿ ಸೇದುವುದು ಮಾತ್ರ ಇಲ್ಲ. 2003ರ ತಂಬಾಕು ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ತಡೆಯುತ್ತದೆ, 200 ರೂಪಾಯಿವರೆಗೆ ದಂಡ ಹಾಕುತ್ತದೆ. ಆದರೆ ಅಲ್ಲಿ ಧೂಮಪಾನ ಅಂದರೆ ತಂಬಾಕು ಸೇದುವುದು. ತಂಬಾಕಿನ ಎಲೆಯೇ ಇಲ್ಲದ ಲಿಕ್ವಿಡ್ ಅದರೊಳಗೆ ಬರುತ್ತದಾ ಎಂಬುದು ವಾದಕ್ಕೆ ಎಡೆ ಕೊಡುವ ಪ್ರಶ್ನೆ. ಹೀಗಾಗಿ ಲಿಫ್ಟಿನಲ್ಲಿ, ಸೊಸೈಟಿಯ ಮೆಟ್ಟಿಲಲ್ಲಿ, ಮಕ್ಕಳ ಆಟದ ಜಾಗದ ಬೆಂಚಿನಲ್ಲಿ ಯಾರಾದರೂ ವೇಪ್ ಸೇದಿದರೆ ತಡೆಯಲು ಬರುವ ವಾಚ್‌ಮನ್ ಕೈಯಲ್ಲಿ ಸ್ಪಷ್ಟ ನಿಯಮ ಇರುವುದಿಲ್ಲ. ಹೌಸಿಂಗ್ ಸೊಸೈಟಿಗಳು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ, ಸಿಗರೇಟಿನ ಜೊತೆ ವೇಪನ್ನೂ ಹೆಸರಿಸಿ ಬೋರ್ಡ್ ಹಾಕಿದರೆ ಈ ಕೊರತೆ ಸ್ವಲ್ಪ ತುಂಬುತ್ತದೆ. ಪಾಳಣಾಘರ್ (ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ) ನಡೆಸುವವರೂ ಅಷ್ಟೇ. ಅಲ್ಲಿ ಮಕ್ಕಳು ದಿನವಿಡೀ ಇರುತ್ತಾರೆ.

ನಿಷೇಧದ ದೊಡ್ಡ ಪರಿಣಾಮ ಇನ್ನೊಂದು. ನಿಯಂತ್ರಿತ ಮಾರುಕಟ್ಟೆ ಇರುವ ಯುರೋಪಿನಲ್ಲಿ ಲಿಕ್ವಿಡ್‌ನ ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ದಾಟುವಂತಿಲ್ಲ. ಇಲ್ಲಿ ಪಾನ್ ಅಂಗಡಿಯ ಕೌಂಟರ್ ಕೆಳಗಿಂದ ಬರುವ ಮಾಲಿಗೆ ಯಾವ ಮಿತಿಯೂ ಇಲ್ಲ, ಯಾರೂ ಪರೀಕ್ಷೆ ಮಾಡುವುದಿಲ್ಲ. ಶೇ 5 ಎಂದು ಬರೆದಿದ್ದರೆ ಮಿಲಿಲೀಟರಿಗೆ 50 ಮಿಲಿಗ್ರಾಂ. ಬರೆದದ್ದು ನಿಜವೇ ಎಂದು ಹೇಳುವವರಿಲ್ಲ. ಅಮೆರಿಕದ, ಬ್ರಿಟನ್ನಿನ ಮಾಲಿನ ಮೇಲೆ ಅಳೆದ ಸಂಖ್ಯೆಗಳನ್ನು ಈ ಮಾಲಿಗೆ ಹಾಗೇ ಹಚ್ಚಲು ಬರುವುದಿಲ್ಲ.

ನಿಷೇಧ ಬೇಡ ಎನ್ನುವವರು ಇದನ್ನೇ ಮುಂದಿಡುತ್ತಾರೆ. ಹೆಚ್ಚು ಕೊಲ್ಲುವ ಸಿಗರೇಟು, ಬೀಡಿ ಕಾನೂನುಬದ್ಧವಾಗಿ ಸಿಗುತ್ತವೆ, ಇದು ಮಾತ್ರ ಕಳ್ಳ ದಾರಿಗೆ ಬಿತ್ತು ಎನ್ನುತ್ತಾರೆ. ನಿಷೇಧ ಬೇಕು ಎನ್ನುವವರು, ತಂಬಾಕಿನ ಹೊರೆಯೇ ಹೊರಲಾರದಷ್ಟಿರುವ ದೇಶಕ್ಕೆ ಹೊಸ ಚಟ ಬೇಡ, ಅಂಗಡಿಯಲ್ಲಿ ಸಿಗುವಂತಾದರೆ ಶಾಲೆಯ ಮಕ್ಕಳ ಕೈಗೆ ಇನ್ನೂ ಬೇಗ ಬರುತ್ತದೆ ಎನ್ನುತ್ತಾರೆ. ಮಕ್ಕಳನ್ನು ಮುಂದಿಟ್ಟು ನೋಡಿದರೆ ನಿಷೇಧದ ಕಡೆ ತೂಕ ಜಾಸ್ತಿ. ಆದರೆ ಸೇದುವುದು ನಾಚಿಕೆಯ, ಅಡಗಿಸುವ ವಿಷಯವಾದಾಗ ಅದು ಬಾಲ್ಕನಿಯಿಂದ ಬಾತ್‌ರೂಮಿಗೆ, ಬಾತ್‌ರೂಮಿನಿಂದ ಬಾಗಿಲು ಹಾಕಿದ ಬೆಡ್‌ರೂಮಿಗೆ ಬರುತ್ತದೆ ಎಂಬುದನ್ನೂ ಒಪ್ಪಬೇಕು.

ಮನೆಯಲ್ಲಿ ಏನು ಮಾಡಬಹುದು

ವೇಪ್ ಸೇದುವವರು ಮೊದಲು ಸಿಗರೇಟು ಸೇದುತ್ತಿದ್ದವರಾದರೆ ಅವರನ್ನು ಬೈದು ಮತ್ತೆ ಸಿಗರೇಟಿಗೆ ತಳ್ಳುವುದು ಮಗುವಿಗೆ ಅತಿ ಕೆಟ್ಟ ಫಲ. ಸಂಖ್ಯೆಗಳು ಅಷ್ಟನ್ನಂತೂ ಸ್ಪಷ್ಟವಾಗಿ ಹೇಳುತ್ತವೆ. ಮನೆಯಿಂದ ಹೊರಗೆ, ಕಾರಿನಿಂದ ಹೊರಗೆ ಎಂಬ ಒಂದೇ ನಿಯಮ ಸಾಕು. ಕಿಟಕಿ ಪಕ್ಕ ನಿಂತು ಸೇದುವುದು, ಎಕ್ಸಾಸ್ಟ್ ಫ್ಯಾನ್ ಹಾಕುವುದು ಅರ್ಧ ಪರಿಹಾರ. ಗಾಳಿ ಹೊರಗಿಂದ ಒಳಗೆ ಬೀಸುವ ಹೊತ್ತಿನಲ್ಲಿ ಅದೂ ಇಲ್ಲ.

ಪೂರ್ತಿ ಬಿಡಬೇಕು ಎನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ 1800-11-2356 ಇದೆ. ನಿಕೋಟಿನ್ ಗಮ್ ಔಷಧದ ಅಂಗಡಿಯಲ್ಲಿ ಕಾನೂನುಬದ್ಧವಾಗಿಯೇ ಸಿಗುತ್ತದೆ. ಅದರಿಂದ ಕೋಣೆಯ ಗಾಳಿಗೆ ಏನೂ ಸೇರುವುದಿಲ್ಲ. ಗಮ್ಮನ್ನೂ ಮಕ್ಕಳ ಕೈಗೆ ಸಿಗದ ಜಾಗದಲ್ಲೇ ಇಡಬೇಕು.

ಆವಿಗಿಂತ ಬೇಗ ಅಪಾಯ ತರುವುದು ಲಿಕ್ವಿಡ್

ಆವಿಯ ಹಾನಿ ನಿಧಾನವಾದದ್ದು, ಅದರ ಬಗ್ಗೆ ಚರ್ಚೆ ಮುಂದುವರಿಯುತ್ತದೆ. ಲಿಕ್ವಿಡ್ ಬಗ್ಗೆ ಚರ್ಚೆಯೇ ಇಲ್ಲ. ಶೇ 5ರ ಎರಡು ಮಿಲಿಲೀಟರ್ ಪಾಡ್‌ನಲ್ಲಿ (ವೇಪ್‌ಗೆ ಹಾಕುವ ಲಿಕ್ವಿಡ್ ತುಂಬಿದ ಸಣ್ಣ ಡಬ್ಬಿ) 100 ಮಿಲಿಗ್ರಾಂ ನಿಕೋಟಿನ್ ಇರುತ್ತದೆ. ಒಂದು ಸಿಗರೇಟು ಸೇದಿದ ದೊಡ್ಡವರ ರಕ್ತಕ್ಕೆ ಸೇರುವುದು ಸುಮಾರು 1 ಮಿಲಿಗ್ರಾಂ. ಹತ್ತು ಹನ್ನೆರಡು ಕಿಲೋ ತೂಗುವ ಮಗು ಆ ಪಾಡ್ ಕಚ್ಚಿ ಚೀಪಿದರೆ ಸ್ವಲ್ಪವೇ ಒಳಗೆ ಹೋದರೂ ತುರ್ತು ಪರಿಸ್ಥಿತಿ. ಸಿಹಿ ಪರಿಮಳದ ಈ ಲಿಕ್ವಿಡ್ ಕುಡಿದು ಅಮೆರಿಕದಲ್ಲಿ ಪುಟ್ಟ ಮಗುವೊಂದು 2014ರಲ್ಲಿ ಸತ್ತ ಮೇಲೆಯೇ ಅಲ್ಲಿ ಮಕ್ಕಳು ತೆರೆಯಲಾಗದ ಮುಚ್ಚಳ ಕಡ್ಡಾಯವಾಯಿತು. ಇಲ್ಲಿ ಸಿಗುವ ಕಳ್ಳ ಮಾಲಿಗೆ ಅಂಥ ಯಾವ ಕಡ್ಡಾಯವೂ ಇಲ್ಲ. ಗೋವಾದ ಬೀಚ್ ಹತ್ತಿರ, ಬಾಡಿಗೆ ಕೋಣೆಗಳಲ್ಲಿ ಬಳಸಿ ಎಸೆದ ವೇಪ್‌ನಲ್ಲೂ ಲಿಕ್ವಿಡ್ ಉಳಿದಿರಬಹುದು, ಲಿಥಿಯಂ ಬ್ಯಾಟರಿ ಇದ್ದೇ ಇರುತ್ತದೆ. ಅಲ್ಲಿ ಶುಚಿಗೊಳಿಸುವ ಕೆಲಸ ಮಾಡುವವರಲ್ಲಿ ನಮ್ಮ ಉತ್ತರ ಕರ್ನಾಟಕದವರು ಅನೇಕರು. ಅವರ ಮಕ್ಕಳ ಕೈಗೆ ಇಂಥದ್ದು ಆಟದ ಸಾಮಾನಾಗಿ ಹೋಗದಂತೆ ನೋಡಿಕೊಳ್ಳಬೇಕು.

ಮಗು ಚೀಪಿದೆ ಎಂಬ ಅನುಮಾನ ಬಂದರೂ ಕಾಯಬಾರದು. ವಾಂತಿ, ಜೊಲ್ಲು ಸುರಿಯುವುದು, ಬೆವರು, ಮುಖ ಬಿಳಿಚುವುದು, ಎದೆ ಜೋರಾಗಿ ಬಡಿಯುವುದು ಮೊದಲ ಲಕ್ಷಣಗಳು. ಆಮೇಲೆ ಮಂಕು, ಫಿಟ್ಸ್, ಉಸಿರಾಟದ ತೊಂದರೆ ಬರಬಹುದು. ಬಲವಂತವಾಗಿ ವಾಂತಿ ಮಾಡಿಸಬೇಡಿ. ಚರ್ಮಕ್ಕೆ ತಾಗಿದ್ದರೆ ನೀರಿನಿಂದ ಚೆನ್ನಾಗಿ ತೊಳೆಯಿರಿ, ನೆನೆದ ಬಟ್ಟೆ ತೆಗೆಯಿರಿ. ಮಹಾರಾಷ್ಟ್ರದಲ್ಲೂ ಗೋವಾದಲ್ಲೂ ಆಂಬುಲೆನ್ಸ್‌ಗೆ 108. ನಿಷಿದ್ಧ ವಸ್ತು ಎಂಬ ಹೆದರಿಕೆಯಿಂದ ಮಗು ಏನೋ ತಿಂದಿದೆ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಆ ಪಾಡನ್ನೋ ಬಾಟಲಿಯನ್ನೋ ಜೊತೆಗೇ ತಗೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಅದರ ಮೇಲೆ ಬರೆದ ಪ್ರಮಾಣ ನೋಡಿದರೆ ಮಗುವನ್ನು ಎಷ್ಟು ಹೊತ್ತು, ಎಷ್ಟು ಹತ್ತಿರದಿಂದ ಗಮನಿಸಬೇಕು ಎಂದು ಅವರು ನಿರ್ಧರಿಸಲು ಸುಲಭವಾಗುತ್ತದೆ.